ಚಟ್ನಿ ಅರೆದ ಪೆಟ್ಟಿಗೆ

ಮಿಕ್ಸಿಯ ಮೋಟಾರು ಕಾದಾಗ ಬರುವ ವಾಸನೆ ಕೆಲವರಿಗೆ ಅಮ್ಮನ ಅಡುಗೆಮನೆಯನ್ನು ನೆನಪಿಸಬಹುದು. ನಾನು ಕಿಟಕಿ ತೆರೆಯುತ್ತೇನೆ. ಅದರ ಜೊತೆಗೆ ತೆಂಗಿನಕಾಯಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪಿನ ಘಮವೂ ಸೇರಿಬಿಟ್ಟರೆ ಮುಗಿಯಿತು, ಎದ್ದು ಹೊರಗೆ ಹೋಗಬೇಕು.

ಹೋದ ನವರಾತ್ರಿಯಲ್ಲಿ ಶಿಕಾಗೋ ಪಕ್ಕದ ಅರೋರಾದ ಒಂದು ಬಡಾವಣೆಯ ಕ್ಲಬ್‌ಹೌಸಿನಲ್ಲಿ ಹೀಗೇ ಆಯಿತು. ಕೆಲಸದ ಮೇಲೆ ಮಿಶಿಗನ್ನಿಂದ ಶಿಕಾಗೋ ಕಡೆಗೆ ಬಂದಿದ್ದೆ. ಆಫೀಸಿನ ಗೆಳತಿಯೊಬ್ಬಳು ಗೊಂಬೆ ನೋಡೋಣ ಬಾ ಎಂದು ಕರೆದುಕೊಂಡು ಹೋದಳು. ಒಳಗೆ ಕಾಲಿಟ್ಟರೆ ಗೊಂಬೆಗಳ ಪಕ್ಕದ ಮೇಜಿನ ಮೇಲೆ ಒಂದು ನೀಲಿ ಪೆಟ್ಟಿಗೆ, ಅದಕ್ಕೆ ಸಿಕ್ಕಿಸಿದ ನಮ್ಮೂರಿನ ಮಿಕ್ಸಿ. ಪೆಟ್ಟಿಗೆಯಿಂದ ಗೋಡೆಗೆ ಯಾವ ವೈರೂ ಇಲ್ಲ. ಮಿಕ್ಸಿ ಗರ್ರೆಂದು ಚಟ್ನಿ ಅರೆಯುತ್ತಿದೆ. ಕೋಟು ಹಾಕಿದ ಒಬ್ಬಾತ ಮೈಕು ಹಿಡಿದು, ಇದರ ಅಣ್ಣನಂಥ ಪೆಟ್ಟಿಗೆಯೊಂದನ್ನು ನಿಮ್ಮ ಎಲೆಕ್ಟ್ರಿಕ್ ಕಾರಿನ ಡಿಕ್ಕಿಯಲ್ಲಿಟ್ಟರೆ ಜನ್ಮದಲ್ಲಿ ಚಾರ್ಜ್ ಮಾಡಬೇಕಾಗಿಲ್ಲ ಎನ್ನುತ್ತಿದ್ದಾನೆ. ಜನ ಕಣ್ಣರಳಿಸಿ ನೋಡುತ್ತಿದ್ದಾರೆ. ಪುಟ್ಟ ಪುಟ್ಟ ಕಾಗದದ ಬಟ್ಟಲುಗಳಲ್ಲಿ ಚಟ್ನಿ ನನ್ನ ಕಡೆಗೂ ಬರುತ್ತಿದೆ.

ಆತನನ್ನು ನಾನು ಹಿಂದೆ ನೋಡಿರಲಿಲ್ಲ. ಪೆಟ್ಟಿಗೆಯ ಬಣ್ಣವೂ ಬೇರೆ. ಆದರೆ ಆ ಚಟ್ನಿಯನ್ನು ನಾನು ಆಗಲೇ ತಿಂದಿದ್ದೆ, ಅಲ್ಲೇ ಹತ್ತಿರದ ವುಡ್‌ರಿಡ್ಜ್‌ನಲ್ಲಿ, ಗೆಳೆಯ ಪ್ರಸನ್ನನ ಮನೆಯಲ್ಲಿ, ಕೆಲವು ವರ್ಷಗಳ ಹಿಂದಿನ ಒಂದು ಶರತ್ಕಾಲದಲ್ಲಿ.

ನಾನು ಡೆಟ್ರಾಯ್ಟ್ ಹತ್ತಿರದ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಕಾರಿನ ಬ್ಯಾಟರಿಗಳನ್ನು ಪರೀಕ್ಷಿಸುವ ಲ್ಯಾಬಿನಲ್ಲಿ ಇದ್ದೇನೆ. ಬ್ಯಾಟರಿಯನ್ನು ಕಾಯಿಸುವುದು, ಹೆಪ್ಪುಗಟ್ಟಿಸುವುದು, ತುಂಬಿಸುವುದು, ಬರಿದು ಮಾಡುವುದು, ಒಳಗೆ ಎಷ್ಟು ಹೋಯಿತು ಹೊರಗೆ ಎಷ್ಟು ಬಂತು ಎಂದು ನೋಡುವುದು, ಇಷ್ಟೇ ನನ್ನ ಕೆಲಸ. ಹೊರಗೆ ಬಂದದ್ದು ಯಾವಾಗಲೂ ಒಳಗೆ ಹೋದದ್ದಕ್ಕಿಂತ ಕಡಿಮೆ. ಇಷ್ಟು ವರ್ಷ ಅವುಗಳ ಜೊತೆ ಏಗಿದ್ದೇನೆ, ಒಂದಾದರೂ ಬ್ಯಾಟರಿ ದಾಕ್ಷಿಣ್ಯಕ್ಕಾದರೂ ಒಂಚೂರು ಹೆಚ್ಚು ಕೊಟ್ಟದ್ದಿಲ್ಲ.

ಆ ವರ್ಷ ಕಂಪನಿ ನನ್ನನ್ನು ಶಿಕಾಗೋ ಪಕ್ಕದ ಒಂದು ಕಾರ್ಖಾನೆಗೆ ಕೆಲವು ತಿಂಗಳ ಮಟ್ಟಿಗೆ ಕಳುಹಿಸಿತು. ಲೊಂಬಾರ್ಡ್‌ನಲ್ಲಿ ಒಂದು ಅಪಾರ್ಟ್‌ಮೆಂಟ್ ಹಿಡಿದೆ. ವಾರಾಂತ್ಯ ಬಂತೆಂದರೆ ಐ-355 ಹೆದ್ದಾರಿ ಹಿಡಿದು ಪ್ರಸನ್ನನ ಮನೆಗೆ ಹೋಗಿಬಿಡುತ್ತಿದ್ದೆ. ಪ್ರಸನ್ನ ಮೈಸೂರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ಸಹಪಾಠಿ, ಲ್ಯಾಬಿನಲ್ಲಿ ನನ್ನ ಜೋಡಿ. ಪ್ರಯೋಗ ಮುಗಿದ ಮೇಲೆ ನಾವೆಲ್ಲ ವೈರುಗಳನ್ನು ಮುದ್ದೆ ಮಾಡಿ ಡ್ರಾಯರಿಗೆ ತುರುಕಿ ಕ್ಯಾಂಟೀನಿಗೆ ಓಡಿದರೆ, ಅವನು ಮಾತ್ರ ನಿಂತು ಒಂದೊಂದನ್ನೂ ಎಂಟರ ಆಕಾರದಲ್ಲಿ ಸುತ್ತಿ, ತುದಿಯನ್ನು ನಡುವಿಗೆ ಎರಡು ಸುತ್ತು ಬಿಗಿದು, ಮೊಳೆಗೆ ನೇತುಹಾಕಿ ಬರುತ್ತಿದ್ದ. ಮದುವೆಯಾಗುವ ಹುಡುಗಿಯ ಜಡೆ ಹೆಣೆಯೋದಕ್ಕೂ ನೀನೇ ಹೋಗು ಎಂದು ಗೋಳು ಹೊಯ್ದುಕೊಳ್ಳುತ್ತಿದ್ದೆವು. ಅಷ್ಟು ಅಚ್ಚುಕಟ್ಟಿನ ಮನುಷ್ಯ.

ಇಲ್ಲಿಗೆ ಬಂದ ಮೇಲೆ ಅವನು ಎಲ್ಲರಂತೆ ಸಾಫ್ಟ್‌ವೇರಿಗೆ ತಿರುಗಿಕೊಂಡಿದ್ದ. ರೈಲಿನಲ್ಲಿ ಶಿಕಾಗೋಗೆ ಹೋಗಿ ಬರುವ ಕೆಲಸ. ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ನಿಂತು ತಲೆಗೂದಲು ಬೆಳ್ಳಗಾಗಿತ್ತು. ಅವನ ಕೆಲಸ ಹೋದರೆ ವೀಸಾ ಹೋಯಿತು, ಅವನ ವೀಸಾ ಹೋದರೆ ಹೆಂಡತಿ ಸುಮಾಳದೂ ಮಗಳು ಇಂಚರಳದೂ ಹೋಯಿತು. ಇಡೀ ಸಂಸಾರ ಒಂದೇ ಮೊಳೆಗೆ ತೂಗುಹಾಕಿದ ಫೋಟೋ ಇದ್ದ ಹಾಗೆ. ಇಂಚರ ಆಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಸುಮಾಳ ತಾಯಿ ಕಮಲಮ್ಮ ಮೈಸೂರಿನಿಂದ ಬಂದು ಮಗಳ ಮನೆಯಲ್ಲಿದ್ದರು.

ಆ ಮನೆಗೆ ಶಶಾಂಕ್ ಎಂಬ ಪ್ರಾಣಿ ಹೊಕ್ಕಿದ್ದು ಆ ಬೇಸಿಗೆಯಲ್ಲೇ. ಹೆಸರಿನ ಹಿಂದೆ ಡಾಕ್ಟರ್ ಎಂದಿತ್ತು, ಯಾವುದರ ಡಾಕ್ಟರ್ ಎಂದು ಕೇಳಿದರೆ ನಗುತ್ತಿದ್ದ. ಡೆಟ್ರಾಯ್ಟ್ ಪಕ್ಕದ ವಾರೆನ್‌ನಲ್ಲಿ ಒಂದು ಹಳೆಯ ವರ್ಕ್‌ಶಾಪು ಬಾಡಿಗೆಗೆ ಹಿಡಿದಿದ್ದನಂತೆ. ಮಾತು ಮಾತ್ರ ಜೇನು. ಆಯಸ್ಕಾಂತದ ತಾಳ್ಮೆ, ಆಕಾಶದಲ್ಲಿ ತುಂಬಿ ತುಳುಕುವ ಶಕ್ತಿ, ನಮ್ಮ ಪೂರ್ವಿಕರಿಗೆ ಗೊತ್ತಿದ್ದು ಬಿಳಿಯರು ಮುಚ್ಚಿಟ್ಟದ್ದು, ಹೀಗೆ ಬಾಯಿಗೆ ಬಂದದ್ದನ್ನೆಲ್ಲ ಮೆಲುದನಿಯಲ್ಲಿ ಹೇಳುತ್ತಿದ್ದ. ಅವನ ಕಪ್ಪು ಪೆಟ್ಟಿಗೆ ಏನನ್ನೂ ಉರಿಸದೆ, ಎಲ್ಲಿಂದಲೂ ಪಡೆಯದೆ ಕರೆಂಟು ಕೊಡುತ್ತದಂತೆ. ಕಾರಿನ ಚಕ್ರ ತಿರುಗಿದಂತೆಲ್ಲ ಅದೇ ಕಾರಿನ ಬ್ಯಾಟರಿ ತುಂಬುತ್ತಾ ಹೋಗುತ್ತದಂತೆ. ಕೂತ ಕುರ್ಚಿಯನ್ನು ತಾನೇ ಎತ್ತಿಕೊಂಡು ಮಹಡಿ ಹತ್ತುತ್ತೇನೆ ಎಂದ ಹಾಗೆ. ಪೆಟ್ಟಿಗೆ ತೆಗೆದು ತೋರಿಸು ಎಂದರೆ ಪೇಟೆಂಟ್ ಎನ್ನುತ್ತಿದ್ದ.

ಅವನು ಬಲ್ಬು ಉರಿಸಿ ತೋರಿಸಿದ್ದರೆ ಯಾರೂ ಮರುಳಾಗುತ್ತಿರಲಿಲ್ಲ. ಖದೀಮ, ಮಿಕ್ಸಿ ಹಿಡಿದುಕೊಂಡ. ಇಲ್ಲಿರುವ ನಮ್ಮವರ ಮನೆಗಳಲ್ಲೆಲ್ಲ ಬೇಸ್‌ಮೆಂಟಿನಲ್ಲಿ ಊರಿನಿಂದ ತಂದ ಒಂದು ಮಿಕ್ಸಿ ಧೂಳು ತಿನ್ನುತ್ತಿರುತ್ತದೆ. ಊರಿನ ಅರ್ಧದಷ್ಟು ವೋಲ್ಟೇಜಿನ ಇಲ್ಲಿಯ ಕರೆಂಟು ಅದಕ್ಕೆ ಸಾಲದು. ಓಡಿಸಬೇಕಾದರೆ ಕಲ್ಲಿನಂಥ ಒಂದು ಟ್ರಾನ್ಸ್‌ಫಾರ್ಮರ್ ಎತ್ತಿ ತರಬೇಕು, ಸೊಂಟ ಹಿಡಿಯುತ್ತದೆ. ಬಿಸಾಡಲು ಮನಸ್ಸು ಬಾರದು, ಅಮ್ಮ ಕೊಡಿಸಿದ್ದು. ಅಂಥ ಮಿಕ್ಸಿಯನ್ನು ಆ ಪೆಟ್ಟಿಗೆಗೆ ಸಿಕ್ಕಿಸಿ ಗರ್ರೆನ್ನಿಸಿ, ಕಲ್ಲಿನಲ್ಲಿ ಅರೆದಷ್ಟು ನುಣ್ಣಗಿನ ಚಟ್ನಿ ಕೈಗಿಟ್ಟರೆ ಎಂಥವರೂ ಕರಗುತ್ತಾರೆ. ಒಳಗಿರುವುದು ಒಂದು ಬ್ಯಾಟರಿ, ಒಂದು ಇನ್ವರ್ಟರ್ ಅಷ್ಟೇ ಎಂದು ನಾನು ಹೇಳಿದರೆ, ಬಾಯಿತುಂಬ ಚಟ್ನಿ ಇಟ್ಟುಕೊಂಡು ನನ್ನನ್ನೇ ಮರುಕದಿಂದ ನೋಡುತ್ತಿದ್ದರು. ಎಲ್ಲರೂ ಇಂಜಿನಿಯರುಗಳು. ನಾಚಿಕೆಗೆಟ್ಟವರು ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಶಶಾಂಕ್ ಪ್ರಸನ್ನನಿಗೆ ಕೊಟ್ಟ ಆಮಿಷ ಚಟ್ನಿಗಿಂತ ದೊಡ್ಡದು. ಕೆಲಸ ಬಿಟ್ಟು ಬಾ, ಪಾಲುದಾರನಾಗು, ವೀಸಾ ನಮ್ಮ ಕಂಪನಿಗೆ ವರ್ಗ ಮಾಡಿಸುತ್ತೇನೆ, ಇಂಥ ಸಂಶೋಧನೆಗೆ ಗ್ರೀನ್ ಕಾರ್ಡಿನ ಬೇರೆಯೇ ಬಾಗಿಲಿದೆ, ಸಾಲು ನಿಲ್ಲಬೇಕಾಗಿಲ್ಲ ಎಂದಿದ್ದ. ಇದನ್ನು ಪ್ರಸನ್ನ ಗರಾಜಿನ ಮುಂದೆ ಎಲೆ ಗುಡಿಸುತ್ತಾ ನನಗೆ ಹೇಳಿದ. ಮೇಪಲ್ ಎಲೆಗಳು ಕೆಂಪಗಾಗಿ ಡ್ರೈವ್‌ವೇ ತುಂಬ ಬಿದ್ದಿದ್ದವು, ಪಕ್ಕದ ಮನೆಯವನು ಬ್ಲೋವರ್ ಹಿಡಿದು ಕಿವಿ ಕಿತ್ತುಹೋಗುವಂತೆ ಸದ್ದು ಮಾಡುತ್ತಿದ್ದ. ನಾನು ಕೂಗಿಯೇ ಹೇಳಬೇಕಾಯಿತು.

"ಪ್ರಸನ್ನ, ನೀನು ನನ್ ಪಕ್ಕದಲ್ಲಿ ಕೂತು ಓದಿರೋನು. ಇದು ಸಾಧ್ಯ ಇಲ್ಲ ಅಂತ ನಿನಗೆ ನಾನು ಹೇಳ್ಬೇಕಾ?"

"ಬುಕ್‌ನಲ್ಲಿರೋದೇ ಫೈನಲ್ ಅಂತ ಯಾರು ಹೇಳಿದ್ರು ಶೈಲಾ? ಎಷ್ಟು ವರ್ಷ ಅಂತ ಈ ಕ್ಯೂನಲ್ಲಿ ನಿಂತಿರ್ಲಿ?"

ಅವನ ಮೊದಲನೆಯ ಮಾತು ಶಶಾಂಕ್ ಕಲಿಸಿದ್ದು, ಎರಡನೆಯದು ಅವನದೇ. ನಿನಗೇನು, ನಿನ್ನ ಗ್ರೀನ್ ಕಾರ್ಡು ಮೊದಲೇ ಬಂತು ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳದೆ ಎಲೆ ಗುಡಿಸಿದ.

ಆಯುಧಪೂಜೆಯನ್ನು ಎಲ್ಲರ ಅನುಕೂಲಕ್ಕೆ ಶನಿವಾರಕ್ಕೆ ಹಾಕಿಕೊಂಡರು. ಮಾರನೆಯ ದಿನ ಭಾನುವಾರ ವಿಜಯದಶಮಿ, ಸೋಮವಾರ ಪ್ರಸನ್ನ ರಾಜೀನಾಮೆ ಕೊಡುವುದು ಎಂದು ನಿಶ್ಚಯವಾಗಿತ್ತು. ಕಮಲಮ್ಮ ಬೆಳಗಿನಿಂದ ನಿಂತ ಕಾಲಿನಲ್ಲಿ ಎಲ್ಲಕ್ಕೂ ಕುಂಕುಮ ಇಟ್ಟರು. ಕಾರು, ಹುಲ್ಲು ಕತ್ತರಿಸುವ ಯಂತ್ರ, ಹಿಮ ಎತ್ತುವ ಯಂತ್ರ, ಈಳಿಗೆಮಣೆ, ಅಳಿಯನ ಲ್ಯಾಪ್‌ಟಾಪು. ಎಲ್ಲದರ ನಡುವೆ, ಗೊಂಬೆಗಳ ಎದುರಿಗೆ, ಶಶಾಂಕನ ಕಪ್ಪು ಪೆಟ್ಟಿಗೆಗೆ ಅರಿಶಿನದ ದಾರ ಕಟ್ಟಿ ಚೆಂಡು ಹೂವಿನ ಹಾರ ಹಾಕಿ ಕೂರಿಸಿದರು. ಬಂದವರ ಮುಂದೆ ಚಟ್ನಿಯ ಪವಾಡ ನಡೆಯಿತು. ಆಮೇಲೆ ಮಿಕ್ಸಿ ತೆಗೆದು, ಒಂದು ದೊಡ್ಡ ಹಳದಿ ಬಲ್ಬನ್ನು ಸಿಕ್ಕಿಸಿ, ಇದು ಆರುವುದೇ ಇಲ್ಲ, ಆರಿಸಲೂಬಾರದು ಎಂದು ಶಶಾಂಕ್ ಕಣ್ಣು ಮುಚ್ಚಿಕೊಂಡು ಹೇಳಿದ. ಜನ ಚಪ್ಪಾಳೆ ತಟ್ಟಿದರು.

ಊಟವಾಗಿ ಎಲ್ಲರೂ ಹೊರಟರು. ಶಶಾಂಕ್ ಪೆಟ್ಟಿಗೆ ಎತ್ತಿಕೊಳ್ಳಲು ಬಗ್ಗಿದ. ಕಮಲಮ್ಮ ಅಡ್ಡ ಬಂದರು.

"ಪೂಜೆಗೆ ಇಟ್ಟಿದ್ದನ್ನ ನಾಳೆ ಆರತಿ ಆಗೋವರ್ಗೂ ಕದಲಿಸೋ ಹಾಗಿಲ್ಲಪ್ಪ."

ಅವನು ನಕ್ಕ. ಪೇಟೆಂಟಿನ ವಿಷಯ ಹೇಳಿದ. ಹೋಟೆಲಿನಲ್ಲಿ ಭದ್ರವಾಗಿರುತ್ತದೆ ಎಂದ. ಕಮಲಮ್ಮ ಇಲ್ಲೂ ಕಳ್ಳರಿಲ್ಲ ಎಂದರು. ಕಡೆಗೆ ಅವನು ಇನ್ನಷ್ಟು ಮೆಲುದನಿಯಲ್ಲಿ, ರಾತ್ರಿ ಹೊತ್ತು ಅದಕ್ಕೆ ಒಂದಿಷ್ಟು ಮೌನ ಬೇಕು ಎಂದ.

"ದೇವರ ಮುಂದೆ ಇಲ್ದಿರೋ ಮೌನ ಹೋಟ್ಲಲ್ಲಿ ಇರತ್ತಾ?"

ಇಡೀ ದಿನದಲ್ಲಿ ನನಗೆ ನಗು ಬಂದದ್ದು ಆಗೊಮ್ಮೆ ಮಾತ್ರ. ಹೋಗಲಿ ಬಲ್ಬನ್ನಾದರೂ ಆರಿಸಿ ಹೋಗುತ್ತೇನೆ ಎಂದ. ದೇವರ ಮುಂದೆ ಉರಿಯುವ ದೀಪವನ್ನು ಕೈಯಾರೆ ಆರಿಸುವುದುಂಟೇ ಎಂದು ಕಮಲಮ್ಮ ಅದಕ್ಕೂ ಒಪ್ಪಲಿಲ್ಲ. ಅವರಿಗೆ ಅವನ ಮೇಲೆ ಒಂದಿಷ್ಟೂ ಅನುಮಾನವಿರಲಿಲ್ಲ. ಮನೆಯಲ್ಲಿ ಅವರಷ್ಟು ಭಕ್ತಿಯಿಂದ ಆ ಪೆಟ್ಟಿಗೆಯನ್ನು ನಂಬಿದವರೇ ಇರಲಿಲ್ಲ. ಶಶಾಂಕನ ಮುಖ ಮಾತ್ರ ಬಿಳುಚಿಕೊಂಡಿತ್ತು. ಹೊರಡುವಾಗ ಅವನು ಶೂ ಲೇಸು ಕಟ್ಟಲು ಪರದಾಡಿದ್ದನ್ನು ನಾನು ನೋಡಿದೆ.

ಭಾನುವಾರ ಬೆಳಿಗ್ಗೆ ಅಡುಗೆಗೆ ಕೈಹಾಕೋಣವೆಂದು ಬೇಗ ಹೋದೆ. ಹೊರಗೆ ನಲವತ್ತು ಡಿಗ್ರಿ ಫ್ಯಾರನ್‌ಹೀಟಿನ ಚಳಿ, ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಕೂತಿತ್ತು. ಒಳಗೆ ಬಲ್ಬು ಆರಿತ್ತು. ಕಮಲಮ್ಮ ಅದರ ಎದುರಿಗೆ ಮಣೆಯ ಮೇಲೆ ಸುಮ್ಮನೆ ಕೂತಿದ್ದರು. ಬಲ್ಬು ಸುಟ್ಟಿರಬೇಕೆಂದು ಪ್ರಸನ್ನ ಬೇರೆಯದನ್ನು ಹಾಕಿದ, ಹೊತ್ತಲಿಲ್ಲ. ಮಿಕ್ಸಿ ಸಿಕ್ಕಿಸಿದ, ತಿರುಗಲಿಲ್ಲ. ಇಂಚರ ಮೆಟ್ಟಿಲಿಳಿದು ಬಂದವಳು ಒಂದು ಕ್ಷಣ ನೋಡಿ, "ಇಟ್ಸ್ ಜಸ್ಟ್ ಎ ಡೆಡ್ ಬ್ಯಾಟರಿ, ಡ್ಯಾಡ್" ಎಂದು ಬೆಳಗಿನ ತಿಂಡಿಯ ಸೀರಿಯಲ್ ಡಬ್ಬ ಹುಡುಕಿಕೊಂಡು ಹೋದಳು. ನನಗೆ ಒಳಗೊಳಗೇ ಹಬ್ಬ. ಸೋಮವಾರ ತಪ್ಪಿತು, ಮನೆ ಉಳಿಯಿತು ಎಂದುಕೊಂಡೆ. ಕಮಲಮ್ಮನ ಶಾಸ್ತ್ರಕ್ಕೆ ಮನಸ್ಸಿನಲ್ಲೇ ಅಡ್ಡಬಿದ್ದೆ.

ಅಷ್ಟರಲ್ಲಿ ಶಶಾಂಕ್ ಬಂದ. ಬಂದವನು ಪೆಟ್ಟಿಗೆಯ ಕಡೆಗೆ ನೋಡಲೇ ಇಲ್ಲ. ನೇರವಾಗಿ ಕಮಲಮ್ಮನ ಮುಂದೆ ಹೋಗಿ ಮಂಡಿಯೂರಿ ಕೂತ.

"ಅಮ್ಮಾ, ರಾತ್ರಿ ಏನಾದ್ರೂ ಮುಟ್ಟಿದ್ರಾ?"

ಹೂವು ಬಾಡಿತ್ತು, ತೆಗೆದು ಬೇರೆ ಇಟ್ಟೆ, ಒಂದು ಉದ್ಧರಣೆ ನೀರು ಪ್ರೋಕ್ಷಿಸಿದೆ ಎಂದು ಕಮಲಮ್ಮ ಹೇಳಿದರು. ಅವನು ಕಣ್ಣು ಮುಚ್ಚಿ ನಿಟ್ಟುಸಿರು ಬಿಟ್ಟ. ಪ್ರವಾಹ ಕಡಿದುಹೋಯಿತು, ಪರವಾಗಿಲ್ಲ, ನಿಮಗೆ ಗೊತ್ತಿರಲಿಲ್ಲ ಪಾಪ ಎಂದ. ಆ 'ಪಾಪ' ಎಂಬ ಪದ ಕೇಳಿದಾಗ ನನಗೆ ವಾಂತಿ ಬಂದ ಹಾಗಾಯಿತು. ಮಾತಿನ ಅಲಂಕಾರಕ್ಕೆ ಹೇಳುತ್ತಿಲ್ಲ, ಹಿಂದಿನ ದಿನದ ಚಟ್ನಿ ನಿಜವಾಗಿಯೂ ಗಂಟಲಿಗೆ ಬಂತು. ಪ್ರಸನ್ನ ಅತ್ತೆಯ ಕಡೆಗೆ ತಿರುಗಿ, ನಿಮಗೆ ಅವರು ನಿನ್ನೆಯೇ ಹೇಳಿದರಲ್ಲವಾ ಎಂದ. ಮೆಲ್ಲಗೆ ಹೇಳಿದ. ಬೈದಿದ್ದರೆ ವಾಸಿಯಿತ್ತು. ಕಮಲಮ್ಮ ತಲೆ ಬಗ್ಗಿಸಿದರು.

ನಾನು ಸುಮ್ಮನಿರಲಿಲ್ಲ. ಬ್ಯಾಟರಿ ಖಾಲಿಯಾಗಿದೆ, ರಾತ್ರಿ ಹೋಟೆಲಿನಲ್ಲಿ ಚಾರ್ಜ್ ಮಾಡಿಕೊಂಡು ಬರುವ ಉಪಾಯ ತಪ್ಪಿತು, ಅಷ್ಟೇ, ಸ್ಕ್ರೂಡ್ರೈವರ್ ಕೊಡಿ ಈಗಲೇ ತೋರಿಸುತ್ತೇನೆ ಎಂದು ದನಿ ಎತ್ತಿಯೇ ಹೇಳಿದೆ. ಪ್ರಸನ್ನ ನನ್ನ ಮತ್ತು ಪೆಟ್ಟಿಗೆಯ ನಡುವೆ ಬಂದು ನಿಂತ.

"ಇವತ್ತು ವಿಜಯದಶಮಿ ಶೈಲಾ. ಮನೇಲಿ ಕೆಟ್ಟ ಮಾತು ಬೇಡ."

ಮೋಸ ಮಾಡುವವನು ಸೋಫಾದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಮೋಸ ಎಂಬ ಮಾತು ಮಾತ್ರ ಮನೆಗೆ ಕೆಟ್ಟದ್ದು. ನಾನು ಹೋಳಿಗೆಯ ಹೂರಣವನ್ನು ಅರ್ಧಕ್ಕೇ ಬಿಟ್ಟು ಲೊಂಬಾರ್ಡಿಗೆ ಬಂದುಬಿಟ್ಟೆ. ಸೋಮವಾರ ಪ್ರಸನ್ನ ರಾಜೀನಾಮೆ ಕೊಟ್ಟ. ಯಂತ್ರವಾಗಿದ್ದರೆ ಒಂದು ಉದ್ಧರಣೆ ನೀರಿಗೆ ನೊಂದುಕೊಳ್ಳುತ್ತಿತ್ತೇ, ಅದು ಜೀವಂತ ಎನ್ನುವುದಕ್ಕೆ ಇದೇ ಸಾಕ್ಷಿ ಎಂದು ಶಶಾಂಕ್ ಹೇಳಿದನಂತೆ. ಅದನ್ನು ಸುಮಾ ನನಗೆ ಫೋನಿನಲ್ಲಿ ಅಳುತ್ತಾ ಹೇಳಿದಳು. ಅವಳಿಗೂ ಗೊತ್ತಾಗುತ್ತಿತ್ತು, ಗಂಡನ ಎದುರಿಗೆ ಹೇಳುವ ಧೈರ್ಯವಿರಲಿಲ್ಲ.

ಥ್ಯಾಂಕ್ಸ್‌ಗಿವಿಂಗ್ ಕಳೆಯುವುದರೊಳಗೆ ಅವರು ಮಗಳನ್ನು ನಡುವರ್ಷದಲ್ಲಿ ಶಾಲೆ ಬಿಡಿಸಿ ಮಿಶಿಗನ್ನಿನ ಕ್ಯಾಂಟನ್‌ಗೆ ಬಂದರು. ಕಮಲಮ್ಮ ಮೈಸೂರಿಗೆ ಹೊರಟುಹೋದರು. ನನ್ನ ಶಿಕಾಗೋ ಕೆಲಸವೂ ಮುಗಿದಿತ್ತು. ಹೊಸ ಶಾಲೆಯಲ್ಲಿ ಇಂಚರಳಿಗೆ ಒಬ್ಬರ ಪರಿಚಯವೂ ಇಲ್ಲ. ನಾನು ಮಾತಾಡಿಸಿದರೆ "ಐಯಾಮ್ ಫೈನ್, ಆಂಟಿ" ಎನ್ನುತ್ತಿದ್ದಳು, ಅಷ್ಟಕ್ಕೇ ನಿಲ್ಲಿಸುತ್ತಿದ್ದಳು. ವೀಸಾ ಏನಾಯಿತು ಎಂದರೆ ಪ್ರಸನ್ನ ಲಾಯರ್ ನೋಡುತ್ತಿದ್ದಾನೆ ಎನ್ನುತ್ತಿದ್ದ. ಕಡೆಗೆ ಜನವರಿಯಲ್ಲಿ ಸುಮಾಳ ಒತ್ತಾಯಕ್ಕೆ ನಾನೇ ವಾರೆನ್‌ಗೆ ಹೋದೆ. ಸೊನ್ನೆಗಿಂತ ಕೆಳಗಿನ ಚಳಿ. ರಸ್ತೆಯ ಎರಡೂ ಕಡೆ ಉಪ್ಪು ಕಲೆಸಿದ ಕೊಳಕು ಹಿಮದ ಗುಡ್ಡೆ. ಒಂದು ಕಾಲಕ್ಕೆ ಕಾರಿನ ಅಚ್ಚು ಮಾಡುತ್ತಿದ್ದ ಆ ಶೆಡ್ಡಿನಲ್ಲಿ ಹೀಟರೂ ಇರಲಿಲ್ಲ, ಉಸಿರು ಹೊಗೆಯಾಗುತ್ತಿತ್ತು.

ಶಶಾಂಕ್ ಓಹಾಯೋಗೆ ಹೋಗಿದ್ದ. ಪ್ರಸನ್ನ ಒಬ್ಬನೇ ಇದ್ದ, ಟೋಪಿ ಹಾಕಿಕೊಂಡು ಕೈ ಉಜ್ಜಿಕೊಳ್ಳುತ್ತಾ. ನಡುವೆ ಅವನ ಎಲೆಕ್ಟ್ರಿಕ್ ಕಾರು ನಿಂತಿತ್ತು, ಡಿಕ್ಕಿಯಲ್ಲಿ ಪೆಟ್ಟಿಗೆ. ಮಾರನೆಯ ದಿನ ಯಾರೋ ದೊಡ್ಡವರು ನೋಡಲು ಬರುತ್ತಾರೆಂದ. ಬ್ಯಾಟರಿ ತುಂಬಿದೆ, ಒಂದು ಸಲವೂ ಪ್ಲಗ್ ಮಾಡಿಲ್ಲ ಎಂದ. ನಾನು ಸುತ್ತ ನೋಡಿದೆ. ಗೋಡೆಯ ಸಾಕೆಟ್ಟಿನ ಪಕ್ಕದಲ್ಲಿ, ಮೊಳೆಗೆ, ದಪ್ಪನೆಯ ಕಿತ್ತಳೆ ಬಣ್ಣದ ಕೇಬಲ್ಲು ನೇತಾಡುತ್ತಿತ್ತು. ಎಂಟರ ಆಕಾರದಲ್ಲಿ ಸುತ್ತಿ, ತುದಿಯನ್ನು ನಡುವಿಗೆ ಎರಡು ಸುತ್ತು ಬಿಗಿದಿತ್ತು. ಹೋಗಿ ಮುಟ್ಟಿದೆ. ಆ ಚಳಿಯಲ್ಲಿ ಅದೊಂದು ಬೆಚ್ಚಗಿತ್ತು.

ಪ್ರಸನ್ನ ನನ್ನ ಕೈಯನ್ನೇ ನೋಡುತ್ತಿದ್ದ. ಹತ್ತಿರ ಬಂದು ಹೇಳಿದ.

"ಇದು ಡೆಮೋಗೆ ಮಾತ್ರ. ಒಂದ್ಸಲ ಫಂಡಿಂಗ್ ಬರ್ಲಿ, ಆಮೇಲೆ ನಿಜವಾದ್ದೇ ಮಾಡ್ತೀವಿ. ಮನೇಲಿ ಹೇಳ್ಬೇಡ."

ಶಶಾಂಕನ ಮೇಲೆ ನನಗೆ ಬಂದದ್ದು ಸಿಟ್ಟು. ಅವನ ಕಸುಬೇ ಅದು. ಅಸಹ್ಯ ಎಂದರೇನೆಂದು ಗೊತ್ತಾದದ್ದು ಆ ಕೇಬಲ್ಲನ್ನು ಮುಟ್ಟಿದಾಗ. ಸುಳ್ಳನ್ನೂ ಅವನು ಅಷ್ಟು ಅಚ್ಚುಕಟ್ಟಾಗಿ ಸುತ್ತಿ ಮೊಳೆಗೆ ಹಾಕಿದ್ದ. ಗ್ಲೌಸಿಗೆ ಕೈ ತೂರಿಸಿಕೊಂಡು ಹೊರಗೆ ಬಂದೆ. ಸುಮಾಳಿಗೆ ಬೇರೆ ಲಾಯರ್ ಹಿಡಿ ಎಂದಷ್ಟೇ ಹೇಳಿದೆ, ಕೇಬಲ್ಲಿನ ಸುದ್ದಿ ಎತ್ತಲಿಲ್ಲ.

ವೀಸಾಕ್ಕೆ ಯಾರೂ ಅರ್ಜಿಯನ್ನೇ ಹಾಕಿರಲಿಲ್ಲ ಎನ್ನುವುದು ಬೇರೆ ಲಾಯರ್ ಹಿಡಿದ ಮೇಲೆ ತಿಳಿಯಿತು. ಅಷ್ಟು ಹೊತ್ತಿಗೆ ಕೆಲಸವಿಲ್ಲದೆ ಈ ದೇಶದಲ್ಲಿರಬಹುದಾದ ಗಡುವು ಮುಗಿದಿತ್ತು. ಹಿಮ ಕರಗುವ ಮೊದಲೇ ಮೂವರೂ ಮೈಸೂರಿಗೆ ಹೊರಟರು. ಇಂಚರಳ ಕೈಗೆ ಸಿಗಬೇಕಾಗಿದ್ದ ಗ್ರಾಜುಯೇಷನ್, ಟೋಪಿ ಎಸೆಯುವುದು, ಗೆಳತಿಯರ ಜೊತೆಯ ಫೋಟೋ, ಯಾವುದೂ ಇಲ್ಲ. ವಿಮಾನ ನಿಲ್ದಾಣದಲ್ಲಿ ಅವಳು ಅಪ್ಪನಿಂದ ಸಾಕಷ್ಟು ದೂರದಲ್ಲಿ ನಿಂತಿದ್ದಳು. ಶಶಾಂಕ್ ಫೋನ್ ನಂಬರ್ ಬದಲಿಸಿದ. ಚಟ್ನಿ ತಿಂದವರೆಲ್ಲ, ನಮಗೆ ಮೊದಲೇ ಡೌಟು ಇತ್ತು ಎನ್ನತೊಡಗಿದರು.

ಇಷ್ಟೂ ಆ ಕ್ಲಬ್‌ಹೌಸಿನಲ್ಲಿ, ಚಟ್ನಿಯ ಬಟ್ಟಲು ನನ್ನ ಮುಂದೆ ಬಂದು ನಿಂತ ಹೊತ್ತಿಗೆ ಒಟ್ಟಿಗೇ ನುಗ್ಗಿ ಬಂತು. ಎದ್ದು ಹೊರಗೆ ಹೋಗೋಣವೆಂದುಕೊಂಡವಳು, ಎದ್ದು ಮುಂದಕ್ಕೆ ಹೋದೆ. ವಿಜ್ಞಾನ ಹೇಳಿ ಪ್ರಯೋಜನವಿಲ್ಲ ಎನ್ನುವುದನ್ನು ಕಲಿತಿದ್ದೆ. ನೀಲಿ ಪೆಟ್ಟಿಗೆಗೆ ಕೈಮುಗಿದೆ. ಅಲ್ಲಿದ್ದ ಅರಿಶಿನದ ದಾರ ಎತ್ತಿ ಅದಕ್ಕೆ ಕಟ್ಟಿದೆ. ಇದಕ್ಕೊಂದು ಬಲ್ಬು ಸಿಕ್ಕಿಸಿ ಗೊಂಬೆಗಳ ಮುಂದೆ ಇಟ್ಟು ಹೋಗಿ, ನಾಳೆ ಆರತಿ ಆಗುವವರೆಗೂ ಕದಲಿಸುವ ಹಾಗಿಲ್ಲ ಎಂದು ಆತನಿಗೆ ಹೇಳಿದೆ. ಹೆಂಗಸರೆಲ್ಲ ಹೌದು ಹೌದು ಎಂದರು. ಕೋಟಿನವನು ನಕ್ಕ. ಈ ರಾತ್ರಿಯೇ ಇಂಡಿಯಾನಾದಲ್ಲಿ ಇನ್ನೊಂದು ಡೆಮೋ ಇದೆ ಎಂದ. ಡೆಮೋ ನಾಳೆಗೆ ಹಾಕಿಕೊಳ್ಳಿ, ದೇವರಿಗಿಂತ ದೊಡ್ಡದೇ ಎಂದೆ. ಅವನು ಮಿಕ್ಸಿಯ ವೈರು ಕಿತ್ತು, ದಾರದ ಸಮೇತ ಪೆಟ್ಟಿಗೆಯನ್ನು ಅಪ್ಪಿಕೊಂಡು ಪಾರ್ಕಿಂಗ್ ಲಾಟಿನ ಕಡೆಗೆ ನಡೆದುಬಿಟ್ಟ. ಅಷ್ಟು ದೂರದಿಂದ ಬಂದಿದ್ದರು, ಬೇಜಾರು ಮಾಡಿ ಕಳಿಸಿದಿರಲ್ಲ ಎಂದು ಒಬ್ಬರು ನನಗೇ ಹೇಳಿದರು. ಚಟ್ನಿ ಪೂರ್ತಿ ಖರ್ಚಾಗಿತ್ತು.

ಕಾರಿನಲ್ಲಿ ಕೂತು ಕಮಲಮ್ಮನಿಗೆ ಫೋನ್ ಮಾಡಿದೆ. ಮೈಸೂರಿನಲ್ಲಿ ಬೆಳಗಾಗಿತ್ತು, ಹಿಂದೆ ಕುಕ್ಕರ್ ಕೂಗುತ್ತಿತ್ತು. ನಡೆದದ್ದನ್ನೆಲ್ಲ ಹೇಳಿದೆ. ನಿಮ್ಮ ನೀರಿನಿಂದ ಏನೂ ಕೆಟ್ಟಿರಲಿಲ್ಲ ಆಂಟಿ, ಅದು ಬರೀ ಬ್ಯಾಟರಿ, ಇನ್ನಾದರೂ ಆ ಅಪವಾದ ಹೊತ್ತುಕೊಂಡು ಕೂರಬೇಡಿ ಎಂದೆ. ಅವರು ಅಡುಗೆಮನೆಯಿಂದ ಹಿತ್ತಲಿಗೆ ನಡೆದದ್ದು ಚಪ್ಪಲಿಯ ಸದ್ದಿನಿಂದ ತಿಳಿಯಿತು. ಆಮೇಲೆ ದನಿ ತಗ್ಗಿಸಿ ಮಾತಾಡಿದರು.

"ನಂಗೆ ಅವತ್ತೇ ಗೊತ್ತು ಕಣಮ್ಮ. ಬಲ್ಬು ಆರೋಕೆ ಮುಂಚೆ ಆ ಪೆಟ್ಟಿಗೆ ಕೀಂ ಕೀಂ ಅಂತ ಕೂಗ್ತು. ಕರೆಂಟ್ ಹೋಗಿ ನಮ್ಮನೆ ಯುಪಿಎಸ್ ಖಾಲಿಯಾಗ್ವಾಗ ಕೂಗತ್ತಲ್ಲ, ಅದೇ ಥರ. ಅದನ್ನ ಕೇಳ್ಕೊಂಡೇ ಮಣೆ ಮೇಲೆ ಕೂತಿದ್ದೆ."

ಮತ್ತೆ ಅವತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀನು ಅಷ್ಟು ಹೇಳಿದೆ, ಪ್ರಸನ್ನ ಕೇಳಿದ್ನಾ? ಈಗ್ಲೂ ಅವನಿಗೆ ಗೊತ್ತಿಲ್ಲ, ಪಾಪ. ಅತ್ತೆ ನೀರು ಹಾಕಿದ್ದಕ್ಕೆ ಕೆಟ್ಟೋಯ್ತು ಅಂತಾನೇ ನಂಬ್ಕೊಂಡಿದಾನೆ. ಇಂಚರ ಅವನ ಜೊತೆ ಮಾತಾಡಲ್ಲ. ಮೋಸ ಹೋದೆ ಅಂತ ಗೊತ್ತಾದ್ರೆ ಒಡೆದೋಗ್ತಾನೆ. ತಪ್ಪು ನಂದೇ ಅಂತಿರ್ಲಿ ಬಿಡು."

ಕಿತ್ತಳೆ ಬಣ್ಣದ ಕೇಬಲ್ಲಿನ ಬಿಸುಪು ನನ್ನ ಅಂಗೈಗೆ ನೆನಪಾಯಿತು. ಅವನಿಗೆ ಗೊತ್ತಿತ್ತು ಆಂಟಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಕಡೆ ಒಳಗಿನಿಂದ ಪ್ರಸನ್ನನ ದನಿ ಕೇಳಿಸಿತು. ಅತ್ತೇ, ಚಟ್ನಿಗೆ ಉಪ್ಪು ಕಡಿಮೆಯಾಗಿದೆ ಎನ್ನುತ್ತಿದ್ದ. ಬಂದೆ ಕಣಪ್ಪ ಎಂದು ಕಮಲಮ್ಮ ಫೋನಿಟ್ಟರು.